ಕೈಸೇರಿತು ಎಂಬ ಮಾತು

ನಮ್ಮ ಹಿರಿಯರು ಕಾಗದ ಬರೆಯುವಾಗ ಒಂದು ಕ್ರಮವನ್ನು ತಪ್ಪದೆ ಪಾಲಿಸುತ್ತಿದ್ದರು. ಮೇಲುಗಡೆ ಊರು, ತಾರೀಖು. ಅದರ ಕೆಳಗೆ ಬರೆಯುವವರ ವಯಸ್ಸಿಗೆ ತಕ್ಕಂತೆ ನಮಸ್ಕಾರವೋ ಆಶೀರ್ವಾದವೋ. ಅದಾದ ಮೇಲೆ ‘ಉಭಯಕುಶಲೋಪರಿ’. ಅದರ ಬೆನ್ನಿಗೇ ‘ತಾವು ಬರೆದ ಕಾಗದ ಕೈಸೇರಿ ವಿಷಯವೆಲ್ಲ ತಿಳಿಯಿತು’ ಎಂಬ ವಾಕ್ಯ. ಇಪ್ಪತ್ತೆಂಟು ವರ್ಷಗಳಿಂದ ಹುಡುಗರಿಗೆ ಪತ್ರಲೇಖನದ ಪಾಠ ಹೇಳುತ್ತಿರುವ ನಾನು, ಈ ವಾಕ್ಯವನ್ನು ಬರಿಯ ಮರ್ಯಾದೆಯ ಮಾತೆಂದೇ ತಿಳಿದಿದ್ದೆ. ಅದು ಮರ್ಯಾದೆಯ ಮಾತಲ್ಲ, ಹೊಣೆಯ ಮಾತು ಎಂಬುದನ್ನು ನನಗೆ ಕಲಿಸಿದ್ದು ಒಂದು ಯಂತ್ರ. ಆ ಯಂತ್ರದ ವಿಷಯವಾಗಿಯೇ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಯಂತ್ರವೆಂದರೆ ಇ-ಮೇಲ್ ಸರ್ವರ್. ಇ-ಮೇಲಿಗೆ ‘ಮಿಂಚಂಚೆ’ ಎಂಬ ಒಳ್ಳೆಯ ಕನ್ನಡ ಪದವನ್ನು ಯಾರೋ ಪುಣ್ಯಾತ್ಮರು ಕಟ್ಟಿಕೊಟ್ಟಿದ್ದಾರೆ. ಬರೆಯುವಾಗ ನಾನು ಅದನ್ನು ಬಳಸುವುದುಂಟು. ಆದರೆ ಮನೆಯಲ್ಲಿ ಮಾತನಾಡುವಾಗ ನಾನೂ ‘ಮೇಲ್ ಬಂತೆ?’ ಎಂದೇ ಕೇಳುವವನು. ಇನ್ನು ‘ಸರ್ವರ್’ ಎಂಬ ಶಬ್ದವಂತೂ ಯಾರಿಗೂ ಹೊಸದಲ್ಲ. ಪಡಿತರದ ಅಂಗಡಿಯ ಮುಂದೆ ಚೀಲ ಹಿಡಿದು ನಿಂತ ಅಜ್ಜಿಯೂ ‘ಸರ್ವರ್ ಇಲ್ಲವಂತೆ, ನಾಳೆ ಬಾ ಅಂದ್ರು’ ಎಂದು ಹಿಂದಿರುಗುವ ಕಾಲವಿದು. ಹೋಟೆಲಿನಲ್ಲಿ ದೋಸೆ ತಂದುಕೊಡುವವನಿಗೂ ಈ ಯಂತ್ರಕ್ಕೂ ಹೆಸರು ಒಂದೇ. ಯೋಚಿಸಿ ನೋಡಿದರೆ ಕೆಲಸವೂ ಒಂದೇ. ಕೇಳಿದವರಿಗೆ ಕೇಳಿದ್ದನ್ನು ತಂದುಕೊಡುವುದು. ಮೇಲ್ ಸರ್ವರಿಗೆ ಮಾತ್ರ ಇದಕ್ಕಿಂತ ಹೆಚ್ಚಿನ ಕೆಲಸವೊಂದುಂಟು: ತನ್ನ ಕೈಗೆ ಬಂದದ್ದನ್ನು ಕಾಪಾಡುವುದು.

ಮೂರು ವರ್ಷದ ಹಿಂದಿನ ಸಂಗತಿ. ನಾನು ಕೆಲಸ ಮಾಡುವ ವಿದ್ಯಾಸಂಸ್ಥೆಗೆ ಚನ್ನಪಟ್ಟಣದಲ್ಲಿ ಒಂದು ಪ್ರೌಢಶಾಲೆ, ಒಂದು ಪದವಿಪೂರ್ವ ಕಾಲೇಜು. ರಾಮನಗರ, ಕನಕಪುರ, ಮಾಗಡಿಗಳಲ್ಲಿ ಒಂದೊಂದು ಶಾಲೆ. ಸಂಸ್ಥೆಯ ಹೆಸರು ಇಲ್ಲಿ ಬೇಡ. ನಡೆದ ತಪ್ಪಿನಲ್ಲಿ ನನ್ನ ಪಾಲೂ ಇದೆ. ನಮ್ಮ ಕಚೇರಿಯ ಮೇಲ್‌ಗಳೆಲ್ಲ ಬಂದು ಸೇರುತ್ತಿದ್ದುದು ಯಾರೋ ಹಿತೈಷಿಗಳು ದಾನ ಕೊಟ್ಟ ಒಂದು ಸಾಧಾರಣ ಕಂಪ್ಯೂಟರಿಗೆ. ಕಿಟಕಿಯ ಪಕ್ಕದ ಮೂಲೆಯಲ್ಲಿ, ನನ್ನ ಮೇಜಿಗೆ ಮಾರು ದೂರದಲ್ಲಿ ಅದು ಕುಳಿತಿತ್ತು. ಒಳಗೆ ಒಂದೇ ಒಂದು ಹಾರ್ಡ್ ಡಿಸ್ಕ್. ಒಂದು ವಾರ ಕಾಲ ಅದು ‘ಟಕ್, ಟಕ್’ ಎಂದು ಸದ್ದು ಮಾಡಿತು. ಹಲ್ಲಿ ಲೊಚಗುಟ್ಟುತ್ತಿದೆ ಎಂದುಕೊಂಡು ನಾನು ಉತ್ತರಪತ್ರಿಕೆ ತಿದ್ದುತ್ತ ಕುಳಿತೆ. ಅಪಶಕುನವೆಂದು ತಿಳಿದಿದ್ದರೂ ಒಳ್ಳೆಯದಾಗುತ್ತಿತ್ತು, ಯಾರಿಗಾದರೂ ಹೇಳುತ್ತಿದ್ದೆ. ಒಂದು ಸೋಮವಾರ ಬೆಳಗ್ಗೆ ಯಂತ್ರ ಏಳಲಿಲ್ಲ. ಬೇರೊಂದು ಡಿಸ್ಕು ಹಾಕಿಸಿ ಮೂರು ದಿನದಲ್ಲಿ ಎಬ್ಬಿಸಿದರು. ಹಳೆಯದೆಲ್ಲ ಹೋಯಿತು, ‘ಹೋದರೆ ಹೋಗಲಿ, ಹಳೆಯ ಸುತ್ತೋಲೆಗಳು ತಾನೆ’ ಎಂದು ನಾವು ಸಮಾಧಾನ ಮಾಡಿಕೊಂಡೆವು.

ಹೋದವುಗಳಲ್ಲಿ ಒಂದು ಪತ್ರ ಹಿಂದಿನ ಭಾನುವಾರ ಸಂಜೆ ಬಂದದ್ದು. ನಮ್ಮ ಕಾಲೇಜಿನ ಮೊದಲ ವರ್ಷದ ಹುಡುಗಿಯೊಬ್ಬಳಿಗೆ ಒಂದು ಧರ್ಮಸಂಸ್ಥೆಯವರು ವಿದ್ಯಾರ್ಥಿವೇತನ ಮಂಜೂರು ಮಾಡಿ, ಹದಿನೈದು ದಿನದೊಳಗೆ ಆದಾಯದ ಪತ್ರ ಕಳುಹಿಸಬೇಕೆಂದು ಬರೆದಿದ್ದರು. ಆಕೆಯ ತಾಯಿ ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಹೋಗಿ ಮನೆ ನಡೆಸುವವರು. ಹದಿನೈದು ದಿನ ಕಳೆದುಹೋಯಿತು. ನಾನು ದೂರವಾಣಿಯಲ್ಲಿ ವಿಚಾರಿಸಿದಾಗ ಆ ಕಡೆಯವರು ಬಹಳ ಸೌಜನ್ಯದಿಂದಲೇ ಉತ್ತರ ಕೊಟ್ಟರು: ‘ಇಂಥ ದಿನ, ಇಂಥ ಗಂಟೆಗೆ ನಿಮ್ಮ ಸರ್ವರ್ ನಮ್ಮ ಪತ್ರವನ್ನು ಸ್ವೀಕರಿಸಿದೆ. ನಮ್ಮ ದಾಖಲೆಯಲ್ಲಿ ಹಾಗಿದೆ ಸ್ವಾಮಿ.’ ಅವರ ಮಾತು ನಿಜವಾಗಿತ್ತು. ಹುಡುಗಿಯನ್ನು ಕರೆದು ಹೇಳಿದೆ. ಒಂದು ಗಳಿಗೆ ಸುಮ್ಮನಿದ್ದು, ‘ಇರಲಿ ಬಿಡಿ ಸಾರ್, ಮುಂದಿನ ವರ್ಷ ಹಾಕ್ತೀನಿ’ ಎಂದು ನನಗೇ ಸಮಾಧಾನ ಹೇಳಿ ಹೋದಳು. ಅಂದು ರಾತ್ರಿ ನನಗೆ ಊಟ ಸೇರಲಿಲ್ಲ.

ಮರುತಿಂಗಳು ಆಡಳಿತ ಮಂಡಲಿಯವರು ಹೊಸ ಸರ್ವರ್ ಕೊಳ್ಳಲು ತೀರ್ಮಾನಿಸಿ ಒಂದು ಸಮಿತಿ ಮಾಡಿದರು. ಈ ಸಲ ಅಧ್ಯಾಪಕರಿಗಷ್ಟೇ ಅಲ್ಲ, ಮಕ್ಕಳಿಗೂ ಒಂದೊಂದು ವಿಳಾಸ ಕೊಡಬೇಕು. ಒಟ್ಟು ಮೂರು ಸಾವಿರ ಜನ. ಗಣಿತದ ಮೇಷ್ಟ್ರು, ಲೆಕ್ಕಪತ್ರದ ಗುಮಾಸ್ತರು, ಅವರೊಡನೆ ಕನ್ನಡ ಪಂಡಿತನಾದ ನಾನು. ಪಂಡಿತನಿಗೂ ಯಂತ್ರಕ್ಕೂ ಏನು ಸಂಬಂಧವೆಂದು ನೀವು ಕೇಳಬಹುದು. ಟಕ್ ಟಕ್ ಸದ್ದನ್ನು ಕೇಳಿಯೂ ಕೇಳದವನು ನಾನೇ ಆದ್ದರಿಂದ, ಪ್ರಾಯಶ್ಚಿತ್ತವೆಂದು ನಾನಾಗಿಯೇ ಹೆಸರು ಕೊಟ್ಟಿದ್ದೆ.

ಅಂಗಡಿಯವರು ಬಂದರು, ಬಣ್ಣಬಣ್ಣದ ಪತ್ರಿಕೆಗಳನ್ನು ಹರಡಿದರು. ‘ಇದರಲ್ಲಿ 64 ಕೋರಿನ ಪ್ರೊಸೆಸರ್ ಇದೆ ಸರ್, ಮಿಂಚಿನ ವೇಗ’ ಎಂದರು. ಸಮಿತಿಯವರ ಕಣ್ಣು ಅರಳಿತು. ಇದ್ದ ಹಣವೆಲ್ಲ ಆ ಒಂದು ಯಂತ್ರಕ್ಕೇ ಸರಿಹೋಗುತ್ತಿತ್ತು. ನನಗೇಕೋ ಮನಸ್ಸು ಒಪ್ಪಲಿಲ್ಲ. ಬೆಂಗಳೂರಿನಲ್ಲಿ ಇಂಥ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸದಲ್ಲಿರುವ ನನ್ನ ಹಳೆಯ ಶಿಷ್ಯನೊಬ್ಬನಿದ್ದಾನೆ. ಅವನ ತಂದೆ ನಮ್ಮೂರಿನಲ್ಲಿ ಗೊಂಬೆ ಕಡೆಯುವವರು. ಭಾನುವಾರ ಊರಿಗೆ ಬಂದವನನ್ನು ಮನೆಗೆ ಕರೆಸಿ, ಕಾಫಿ ಕೊಟ್ಟು, ‘ಯಾವ ಯಂತ್ರ ಕೊಳ್ಳೋಣಪ್ಪ?’ ಎಂದು ಕೇಳಿದೆ.

ಅವನು ಪತ್ರಿಕೆಗಳನ್ನು ಪಕ್ಕಕ್ಕಿಟ್ಟ. ‘ಮೇಷ್ಟ್ರೆ, ನಮ್ಮಪ್ಪ ಮರ ಕೊಳ್ಳುವಾಗ ಏನು ನೋಡ್ತಾರೆ ಹೇಳಿ? ಬಣ್ಣ ಆಮೇಲೆ ಹಾಕೋದು. ಅರಗು ಬಳಿದು ತಾಳೆಗರಿಯಲ್ಲಿ ಉಜ್ಜಿದರೆ ಯಾವ ಗೊಂಬೆಯಾದರೂ ಹೊಳೆಯುತ್ತೆ. ಆಲೆಮರ ಚೆನ್ನಾಗಿ ಒಣಗಿದೆಯೋ ಇಲ್ಲವೋ ಅಂತ ನೋಡ್ತಾರೆ. ಒಣಗದ ಮರದ ಗೊಂಬೆ ಮೂರು ತಿಂಗಳಿಗೆ ಬಿರುಕು ಬಿಡುತ್ತೆ. ಯಂತ್ರಾನೂ ಹಾಗೇ. ಯಾವುದು ಅಂತ ಆಮೇಲೆ ಕೇಳಿ. ಕಾಗದ ಹೇಗೆ ಹೋಗುತ್ತೆ ಅನ್ನೋದನ್ನ ಮೊದಲು ಕೇಳಿ’ ಎಂದ. ಶಿಷ್ಯನಿಂದ ಪಾಠ ಕೇಳುವ ಭಾಗ್ಯ ಮೇಷ್ಟರುಗಳಿಗೆ ಅಪರೂಪವಾಗಿ ಒದಗುತ್ತದೆ. ನಾನು ಕೇಳಿದೆ, ಕೇಳಿದ್ದನ್ನು ನನ್ನ ಮಾತಿನಲ್ಲಿ ನಿಮಗೆ ಒಪ್ಪಿಸುತ್ತೇನೆ.

ಮೈಸೂರು ಸೀಮೆಗೆ ಒಂದಾನೊಂದು ಕಾಲದಲ್ಲಿ ತನ್ನದೇ ಆದ ಅಂಚೆಯಿತ್ತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಮೊದಲಾದ ಆ ಏರ್ಪಾಟು 1889ರಲ್ಲಿ ಇಂಡಿಯಾ ಸರ್ಕಾರದ ಅಂಚೆಯೊಡನೆ ಸೇರಿಹೋಯಿತು. ಅಂಚೆಯ ಓಟಗಾರನು ಚೀಲ ಹೊತ್ತು ಒಂದು ಕಟ್ಟೆಯಿಂದ ಇನ್ನೊಂದು ಕಟ್ಟೆಗೆ ಓಡುವುದನ್ನು ನೆನೆಸಿಕೊಳ್ಳಿ. ಮುಂದಿನವನ ಕೈಗೆ ಒಪ್ಪಿಸುವವರೆಗೆ ಆ ಚೀಲ ಇವನ ಹೊಣೆ. ಅವನು ‘ಕೊಡು’ ಎಂದು ತೆಗೆದುಕೊಂಡ ಕ್ಷಣದಿಂದ ಅವನ ಹೊಣೆ. ಇ-ಮೇಲಿನ ಧರ್ಮವೂ ಇದೇ. 1971ರಲ್ಲಿ ಅಮೆರಿಕದ ರೇ ಟಾಮ್ಲಿನ್‌ಸನ್ ಎಂಬವರು ಒಂದು ಯಂತ್ರದಿಂದ ಇನ್ನೊಂದು ಯಂತ್ರಕ್ಕೆ ಇಂಥ ಓಲೆಯನ್ನು ಕಳುಹಿಸಿ, ಹೆಸರಿಗೂ ಯಂತ್ರಕ್ಕೂ ನಡುವೆ ಇಂದು ನಾವು ಕಾಣುವ @ ಚಿಹ್ನೆಯನ್ನು ಇಟ್ಟರು. 1982ರಲ್ಲಿ ಜಾನ್ ಪೋಸ್ಟೆಲ್ ಎಂಬವರು ಯಂತ್ರಗಳು ಓಲೆಯನ್ನು ಕೈಬದಲು ಮಾಡುವ ನಿಯಮಗಳನ್ನು ಬರೆದರು. ಅದರ ಪ್ರಕಾರ, ಕಳುಹಿಸುವ ಯಂತ್ರ ಓಲೆಯನ್ನು ಪೂರ್ತಿ ಓದಿ ಹೇಳಿದ ಮೇಲೆ, ತೆಗೆದುಕೊಳ್ಳುವ ಯಂತ್ರ 250 ಎಂಬ ಒಂದು ಸಂಖ್ಯೆಯನ್ನು ಉತ್ತರವಾಗಿ ಕೊಡಬೇಕು. ‘ಕೈಸೇರಿತು’ ಎಂದು ಅದರ ಅರ್ಥ. ಆ ಸಂಖ್ಯೆ ಬಂದ ಮೇಲೆ ಕಳುಹಿಸಿದ ಯಂತ್ರದ ಹೊಣೆ ತೀರಿತು. ತನ್ನ ಬಳಿ ಸರದಿಯಲ್ಲಿ ಇಟ್ಟುಕೊಂಡ ಪ್ರತಿಯನ್ನು ಅದು ಅಳಿಸಿಹಾಕುತ್ತದೆ.

ಒಂದು ವೇಳೆ ತೆಗೆದುಕೊಳ್ಳುವ ಯಂತ್ರ ನಿಂತೇಹೋಗಿದ್ದರೆ? ಆಗ ಏನೂ ಕೆಡುವುದಿಲ್ಲ. ಕಳುಹಿಸುವ ಯಂತ್ರ ಸುಮ್ಮನಾಗದೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬರುತ್ತದೆ. ಸಾಮಾನ್ಯವಾಗಿ ನಾಲ್ಕೈದು ದಿನ ಹೀಗೆ ಬಾಗಿಲು ತಟ್ಟುತ್ತಲೇ ಇರುತ್ತದೆ. ಇದನ್ನು ಕೇಳಿದಾಗ ನನ್ನ ಎದೆ ಧಸಕ್ಕೆಂದಿತು. ನಮ್ಮ ಯಂತ್ರ ಭಾನುವಾರ ಬೆಳಗ್ಗೆಯೇ ಸತ್ತಿದ್ದರೆ ಹುಡುಗಿಯ ಪತ್ರ ಬುಧವಾರವೋ ಗುರುವಾರವೋ ಬಂದು ಸೇರುತ್ತಿತ್ತು! ಸಂಜೆಯವರೆಗೆ ಕುಟುಕು ಜೀವ ಹಿಡಿದುಕೊಂಡಿದ್ದು, ‘ಕೈಸೇರಿತು’ ಎಂದು ಮಾತು ಕೊಟ್ಟು, ಆಮೇಲೆ ಸತ್ತದ್ದರಿಂದ ಕೆಟ್ಟಿತು. ಹರಿಶ್ಚಂದ್ರನ ಪಾಠ ಹೇಳುವ ನನ್ನ ಪಕ್ಕದಲ್ಲಿಯೇ ಕುಳಿತು ಆ ಯಂತ್ರ ಮಾತಿಗೆ ತಪ್ಪಿತ್ತು.

ಮೇಲ್ ಸರ್ವರನ್ನು ಆರಿಸುವ ಸೂತ್ರವೆಲ್ಲ ಇದರಲ್ಲಿಯೇ ಅಡಗಿದೆ. ಯಂತ್ರ ಒಂದು ಗಂಟೆ ನಿಂತರೆ ಸಂಕಟವಲ್ಲ. ಕೊಟ್ಟ ಮಾತನ್ನು ಉಳಿಸಿಕೊಳ್ಳಲಾರದೆ ಹೋದರೆ ಸಂಕಟ. ಆದ್ದರಿಂದ ಹಣವನ್ನು ಹಂಚುವಾಗ ಮೊದಲು ಕಾಪಾಡುವ ಭಾಗಗಳಿಗೆ, ಆಮೇಲೆ ಓಡುವ ಭಾಗಗಳಿಗೆ.

ಮೊದಲು ಅಳತೆ. ಮೂರು ಸಾವಿರ ಜನವೆಂದ ಕೂಡಲೇ ಗಾಬರಿಯಾಗಬೇಕಾದ್ದಿಲ್ಲ. ಮದುವೆ ಮಾಡಿದವರಿಗೆ ಈ ಲೆಕ್ಕ ಗೊತ್ತು. ಕರೆಯೋಲೆ ಮೂರು ಸಾವಿರ ಮಂದಿಗೆ ಹೋದರೂ ಒಂದು ಪಂಕ್ತಿಗೆ ಎಲೆ ಹಾಕುವುದು ಮುನ್ನೂರು. ಅಡುಗೆಯವರನ್ನೂ ಬಡಿಸುವವರನ್ನೂ ಗೊತ್ತು ಮಾಡುವುದು ಪಂಕ್ತಿಯ ಲೆಕ್ಕದ ಮೇಲೆ. ಅಕ್ಕಿ ಬೇಳೆಯ ಉಗ್ರಾಣವನ್ನು ತುಂಬುವುದು ಕರೆದವರ ಲೆಕ್ಕದ ಮೇಲೆ. ಸರ್ವರಿನಲ್ಲಿ ಪ್ರೊಸೆಸರು, ರ‍್ಯಾಮು ಅಡುಗೆಮನೆ ಇದ್ದಂತೆ, ಡಿಸ್ಕು ಉಗ್ರಾಣ. ಬೆಳಗ್ಗೆ ಹತ್ತು ಗಂಟೆಗೆ ಏಕಕಾಲದಲ್ಲಿ ಮೇಲ್ ತೆರೆಯುವವರು ನಮ್ಮಲ್ಲಿ ಮುನ್ನೂರನ್ನು ಮೀರುವುದಿಲ್ಲವೆಂದು ಎಣಿಸಿದೆವು. ಅವರಿಗೆ ಎಂಟು ಕೋರಿನ ಪ್ರೊಸೆಸರು ಧಾರಾಳವಾಗಿ ಸಾಕು. ಮೇಲಿನ ಕೆಲಸದಲ್ಲಿ ಪ್ರೊಸೆಸರಿಗೆ ನಿಜವಾದ ದುಡಿಮೆ ಕೊಡುವುದು ಬೇಡದ ಓಲೆಗಳು. ಲಾಟರಿ ಬಂದಿದೆ, ಬ್ಯಾಂಕಿನ ಖಾತೆ ಮುಚ್ಚಿದೆ ಎಂದು ಬರುವ ಸ್ಪ್ಯಾಮ್ ಇದೆಯಲ್ಲ, ಅದು ಜಗತ್ತಿನ ಮೇಲಿನಲ್ಲಿ ಸುಮಾರು ಅರ್ಧದಷ್ಟಿದೆ. ಅದನ್ನು ಜರಡಿ ಹಿಡಿಯುವುದಕ್ಕೆ ಯಂತ್ರಕ್ಕೆ ಬಲ ಬೇಕು; ಹಾಗೆಂದು 64 ಕೋರು ಬೇಕಾಗಿಲ್ಲ.

ಉಗ್ರಾಣದ ಲೆಕ್ಕ ಹೀಗೆ. ಅಧ್ಯಾಪಕರೂ ಸಿಬ್ಬಂದಿಯೂ ಇನ್ನೂರು ಜನ, ತಲೆಗೆ 5 ಜಿ.ಬಿ.; ಮಕ್ಕಳು 2,800, ತಲೆಗೆ 1 ಜಿ.ಬಿ. ಒಟ್ಟು 3,800 ಜಿ.ಬಿ., ಅಂದರೆ 4 ಟಿ.ಬಿ.ಗೆ ಸ್ವಲ್ಪ ಕಡಿಮೆ. ಬೆಳೆಯುವ ಸಂಸಾರಕ್ಕೆ ಅದರ ಎರಡರಷ್ಟು ಸ್ಥಳವಿರಬೇಕು. ಇಲ್ಲಿ ನನ್ನ ಪಂಡಿತಬುದ್ಧಿ ಎಚ್ಚತ್ತು, ‘ಕನ್ನಡದ ಓಲೆಗೆ ಎಷ್ಟು ಜಾಗ ಬೇಕಪ್ಪ?’ ಎಂದು ಕೇಳಿದೆ. ಕಂಪ್ಯೂಟರಿನಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು, ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು ಬೇಕಂತೆ. ‘ಚನ್ನಪಟ್ಟಣ’ ಎಂಬ ಪದದಲ್ಲಿ ಒತ್ತಕ್ಷರ ಮಾಡುವ ಹಲಂತದ ಗುರುತುಗಳನ್ನೂ ಸೇರಿಸಿ ಒಂಬತ್ತು ಚಿಹ್ನೆಗಳು. ಅಲ್ಲಿಗೆ 27 ಬೈಟು. ಇಂಗ್ಲಿಷಿನಲ್ಲಿ ಬರೆದರೆ ಹನ್ನೊಂದೇ. ಕನ್ನಡ ಭಾರವಾಯಿತಲ್ಲ ಎಂದು ನಾನು ಪೆಚ್ಚಾದೆ. ಆದರೆ ಒಂದು ಪುಟದ ಕನ್ನಡ ಕಾಗದ ನಾಲ್ಕೂವರೆ ಸಾವಿರ ಬೈಟಿನ ಸುಮಾರು ಬರುತ್ತದೆ. ಫೋನಿನಲ್ಲಿ ಹಿಡಿದ ಒಂದು ಚಿತ್ರ ಸುಲಭವಾಗಿ ಮೂವತ್ತು ಲಕ್ಷ ಬೈಟು. ಮೇಲಿಗೆ ಲಗತ್ತಿಸಿದಾಗ ದಾರಿಖರ್ಚಿಗೆಂದು ಅದು ಇನ್ನೂ ಮೂರನೆಯ ಒಂದು ಪಾಲು ಉಬ್ಬುತ್ತದೆ. ಹಬ್ಬದ ಶುಭಾಶಯದ ಒಂದು ಚಿತ್ರ ಆರುನೂರಕ್ಕೂ ಮಿಕ್ಕ ಕನ್ನಡ ಕಾಗದಗಳ ಜಾಗ ತಿನ್ನುತ್ತದೆ! ಉಗ್ರಾಣ ತುಂಬುವುದು ಭಾಷೆಯಿಂದಲ್ಲ, ಚಿತ್ರಗಳಿಂದ.

ನಮ್ಮ ನಾಡಿಗೆ ಇ-ಮೇಲು ಬಂದ ಕಾಲದಲ್ಲಿ ಈ ಚಿಂತೆಯೇ ಇರಲಿಲ್ಲ. 1986ರಲ್ಲಿ ವಿಶ್ವಸಂಸ್ಥೆಯ ನೆರವಿನಿಂದ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ‘ಅರ್ನೆಟ್’ ಎಂಬ ಜಾಲವನ್ನು ಆರಂಭಿಸಿದಾಗ ಅದರಲ್ಲಿ ಭಾಗಿಗಳಾಗಿದ್ದದ್ದು ಎಂಟೇ ಸಂಸ್ಥೆಗಳು. ಅವುಗಳಲ್ಲಿ ಒಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ನಾವು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವುದು. 1990ರ ದಶಕದ ಆರಂಭದಲ್ಲಿ ಊರಿಂದೂರಿಗೆ ಎಳೆದ ಆ ಜಾಲದ ತಂತಿ ಸೆಕೆಂಡಿಗೆ 9,600 ಬಿಟ್, ಅಂದರೆ 1,200 ಬೈಟುಗಳನ್ನು ಒಯ್ಯುತ್ತಿತ್ತು. ಇಂದಿನ ಒಂದು ಶುಭಾಶಯದ ಚಿತ್ರ ಆ ದಾರಿಯಲ್ಲಿ ಹೋಗಲು ಒಂದು ಗಂಟೆಗೆ ಹತ್ತಿರ ಹಿಡಿಯುತ್ತಿತ್ತು. ಮಾತೇ ಮುಖ್ಯವಾಗಿದ್ದ ಕಾಲ ಅದು. ಸಾರ್ವಜನಿಕರಿಗೆ ಇಂಟರ್‌ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು.

ಈಗ ಡಿಸ್ಕಿನ ವಿಷಯ, ಇದು ಮುಖ್ಯವಾದದ್ದು. ಹಾರ್ಡ್ ಡಿಸ್ಕೆಂದರೆ ನಮ್ಮೂರಿನ ಗೊಂಬೆ ಕಡೆಯುವ ಯಂತ್ರದಂತೆ ಗಿರ್ರನೆ ತಿರುಗುವ ತಟ್ಟೆ. ಸಾಧಾರಣವಾದದ್ದು ನಿಮಿಷಕ್ಕೆ 7,200 ಸುತ್ತು ತಿರುಗುತ್ತದೆ. ಬೇಕಾದ ಸ್ಥಳ ಮುಳ್ಳಿನ ಕೆಳಗೆ ಬರುವುದಕ್ಕೆ ಸರಾಸರಿ ಅರ್ಧ ಸುತ್ತು, ಅಂದರೆ ಸೆಕೆಂಡಿನ ಸಾವಿರದಲ್ಲಿ ನಾಲ್ಕು ಭಾಗ. ಮುಳ್ಳು ಸರಿದು ನಿಲ್ಲುವುದಕ್ಕೆ ಇನ್ನೊಂದು ಎಂಟು ಭಾಗ. ಒಟ್ಟು ಹನ್ನೆರಡು. ಅಲ್ಲಿಗೆ ಸೆಕೆಂಡಿಗೆ ಸುಮಾರು ಎಂಬತ್ತು ಕೆಲಸ ಮಾತ್ರ. ಮೇಲ್ ಸರ್ವರಿನ ಕೆಲಸ ಚಿಲ್ಲರೆ ಕೆಲಸ. ದಿನಸಿ ಅಂಗಡಿಯ ಹಾಗೆ, ಸಗಟು ವ್ಯಾಪಾರವಲ್ಲ. ಒಂದೊಂದು ಓಲೆಗೂ ಸರದಿಯಲ್ಲಿ ಬರೆ, ಪೆಟ್ಟಿಗೆಯಲ್ಲಿ ಹಾಕು, ಸೂಚಿಯಲ್ಲಿ ಗುರುತಿಡು, ದಿನಚರಿಯಲ್ಲಿ ನಮೂದಿಸು ಎಂದು ಐದು ಸಲವಾದರೂ ಡಿಸ್ಕನ್ನು ಮುಟ್ಟಬೇಕು. ಮುಖ್ಯೋಪಾಧ್ಯಾಯರು ಮೂರು ಸಾವಿರ ಜನಕ್ಕೂ ‘ನಾಳೆ ರಜ’ ಎಂದು ಒಂದು ಸುತ್ತೋಲೆ ಕಳುಹಿಸಿದರೆನ್ನಿ. ಹದಿನೈದು ಸಾವಿರ ಕೆಲಸ. ಸೆಕೆಂಡಿಗೆ ಎಂಬತ್ತರಂತೆ ಮೂರು ನಿಮಿಷಕ್ಕೂ ಹೆಚ್ಚು. ಆ ಮೂರು ನಿಮಿಷವೂ ಉಳಿದವರೆಲ್ಲ ಕಾಯಬೇಕು. ಪ್ರೊಸೆಸರಿಗೆ 64 ಕೋರಿದ್ದರೂ ಅದೂ ಕೈಕಟ್ಟಿ ಕಾಯಬೇಕು. ತಿರುಗುವ ತಟ್ಟೆಯಿಲ್ಲದ ಎಸ್.ಎಸ್.ಡಿ. ಎಂಬ ಡಿಸ್ಕುಗಳು ಇಂಥ ಸಣ್ಣ ಕೆಲಸಗಳನ್ನು ಸೆಕೆಂಡಿಗೆ ಹತ್ತಾರು ಸಾವಿರ ಮಾಡುತ್ತವೆ. ಅಂಗಡಿಯವರು ತೋರಿಸಿದ ಭಾರಿ ಯಂತ್ರದಲ್ಲಿದ್ದದ್ದು ತಿರುಗುವ ತಟ್ಟೆಗಳು! ಆನೆಗೆ ಇರುವೆಯ ಕಾಲು ಜೋಡಿಸಿದಂತೆ.

ಎಸ್.ಎಸ್.ಡಿ.ಗಳಲ್ಲಿಯೂ ತಾರತಮ್ಯವುಂಟು. ಡಿಸ್ಕುಗಳು ಬರೆಯಬೇಕಾದದ್ದನ್ನು ಮೊದಲು ತಮ್ಮ ತಾತ್ಕಾಲಿಕ ನೆನಪಿನಲ್ಲಿಟ್ಟುಕೊಂಡು, ನಿಧಾನವಾಗಿ ಒಳಗೆ ಬರೆದುಕೊಳ್ಳುತ್ತವೆ. ಕೆಲವು ಅಗ್ಗದ ಡಿಸ್ಕುಗಳು ಹಾಗೆ ಇಟ್ಟುಕೊಂಡ ಮಾತ್ರಕ್ಕೇ ‘ಬರೆದೆ’ ಎಂದುಬಿಡುತ್ತವೆ. ಅಷ್ಟರಲ್ಲಿ ಕರೆಂಟು ಹೋದರೆ ಬರೆದದ್ದೂ ಇಲ್ಲ, ನೆನಪೂ ಇಲ್ಲ. ಸರ್ವರಿಗೆಂದೇ ಮಾಡಿದ ಡಿಸ್ಕುಗಳಲ್ಲಿ ಕರೆಂಟು ಹೋದ ಮೇಲೂ ಕೈಯಲ್ಲಿದ್ದ ಕೆಲಸವನ್ನು ಮುಗಿಸುವಷ್ಟು ವಿದ್ಯುತ್ತನ್ನು ಹಿಡಿದಿಡುವ ಪುಟ್ಟ ಸಾಧನವಿರುತ್ತದೆ. ಬೆಲೆ ಹೆಚ್ಚು. ಆದರೆ ‘ಕೈಸೇರಿತು’ ಎಂಬ ಮಾತಿಗೆ ಬೆಲೆ ಕೊಡುವುದೆಂದರೆ ಇದೇ. ರ‍್ಯಾಮನ್ನು ಕೊಳ್ಳುವಾಗಲೂ ತಾನು ಹಿಡಿದ ಅಂಕಿಯಲ್ಲಿ ಒಂದು ತಪ್ಪಿದರೆ ತಾನೇ ಕಂಡು ತಿದ್ದಿಕೊಳ್ಳುವ ಇ.ಸಿ.ಸಿ. ಎಂಬ ಜಾತಿಯದನ್ನೇ ಕೇಳಬೇಕು. ಅಂತರಿಕ್ಷದಿಂದ ಬರುವ ಕಿರಣಗಳು ತಾಗಿಯೂ ರ‍್ಯಾಮಿನಲ್ಲಿ ಸೊನ್ನೆ ಒಂದಾಗುವುದುಂಟಂತೆ. ತಿದ್ದಿಕೊಳ್ಳುವ ಗುಣ ಯಂತ್ರದಲ್ಲಿಯೂ ದೊಡ್ಡ ಗುಣ.

ಒಳ್ಳೆಯ ಡಿಸ್ಕೂ ಒಂದು ದಿನ ಸಾಯುತ್ತದೆ. ಆದ್ದರಿಂದ ಒಂಟಿ ಡಿಸ್ಕನ್ನು ನಂಬಬಾರದು. 1988ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾನಿಲಯದ ಪ್ಯಾಟರ್‌ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು, ಅಗ್ಗದ ಹಲವು ಡಿಸ್ಕುಗಳನ್ನು ಒಟ್ಟುಗೂಡಿಸಿ ಒಂದು ಸತ್ತರೂ ಉಳಿದವು ಕಾಪಾಡುವಂತೆ ಮಾಡುವ ‘ರೈಡ್’ ಎಂಬ ಏರ್ಪಾಟನ್ನು ವಿವರಿಸಿದರು. ಅದರಲ್ಲಿ ನಾನಾ ಬಗೆಗಳಿವೆ. ಒಂದು ಬಗೆಯಲ್ಲಿ ಗಣಿತದ ಉಪಾಯದಿಂದ ಜಾಗ ಉಳಿಯುತ್ತದೆ. ಆದರೆ ಒಂದು ಸಣ್ಣ ಬರವಣಿಗೆಗೆ ಎರಡು ಸಲ ಓದಿ ಎರಡು ಸಲ ಬರೆಯಬೇಕಾಗುತ್ತದೆ. ಚಿಲ್ಲರೆ ಕೆಲಸವೇ ಹೆಚ್ಚಾದ ಮೇಲಿಗೆ ಅದು ಒಗ್ಗುವುದಿಲ್ಲ. ಜೋಡಿ ಜೋಡಿಯಾಗಿ ಕಟ್ಟಿ, ಒಂದರಲ್ಲಿ ಬರೆದದ್ದನ್ನು ಇನ್ನೊಂದರಲ್ಲಿಯೂ ಬರೆಯುವ ಬಗೆ ಸರಳ, ಗಟ್ಟಿ. 4 ಟಿ.ಬಿ.ಯ ನಾಲ್ಕು ಡಿಸ್ಕು, ಎರಡು ಜೋಡಿ, 8 ಟಿ.ಬಿ. ಉಗ್ರಾಣ. ಐದನೆಯದೊಂದು ಬೀರುವಿನಲ್ಲಿ ಕಾದಿರಬೇಕು. ಟಕ್ ಎಂದ ದಿನವೇ ಬದಲಾಯಿಸುವುದಕ್ಕೆ.

ಹಾಗೆಯೇ ಕರೆಂಟು. ನಮ್ಮ ಕಡೆ ಮುಂಗಾರಿನ ಮೊದಲ ಗುಡುಗಿಗೇ ದೀಪ ಆರುವುದು ನಿಮಗೆ ಗೊತ್ತು. ಯಂತ್ರಕ್ಕೆ ಎರಡು ಪವರ್ ಸಪ್ಲೈ ಇರಬೇಕು; ಒಂದು ಸುಟ್ಟರೆ ಇನ್ನೊಂದು ನಡೆಸುತ್ತದೆ. ಯು.ಪಿ.ಎಸ್. ಬೇಕು, ಅದರ ಬ್ಯಾಟರಿ ಮುಗಿಯುವ ಮುನ್ನ ಯಂತ್ರಕ್ಕೆ ಹೇಳಿ ಕ್ರಮವಾಗಿ ಮಲಗಿಸುವ ತಂತಿಯೂ ಬೇಕು. ನೆಲಕ್ಕೆ ಸರಿಯಾದ ಅರ್ಥಿಂಗ್ ಇರಬೇಕು. ಕಿಟಕಿಯ ಬಿಸಿಲು, ಸೀಮೆಸುಣ್ಣದ ಧೂಳು ಬೀಳದ ಕೋಣೆಯಿರಬೇಕು. ಇವೆಲ್ಲ ಬಣ್ಣದ ಪತ್ರಿಕೆಯಲ್ಲಿ ಕಾಣುವುದಿಲ್ಲ.

ಇಷ್ಟಾದರೆ ನಿಶ್ಚಿಂತೆಯೇ ಎಂದು ಕೇಳಿದೆ. ಶಿಷ್ಯ ನಕ್ಕ. ‘ಮೇಷ್ಟ್ರೆ, ಜೋಡಿ ಡಿಸ್ಕು ಕನ್ನಡಿ ಇದ್ದ ಹಾಗೆ. ನೀವು ಗಡ್ಡ ಬೋಳಿಸಿಕೊಂಡರೆ ಕನ್ನಡಿಯಲ್ಲಿರೋರಿಗೂ ಗಡ್ಡ ಇರಲ್ಲ. ಕೈತಪ್ಪಿ ಅಳಿಸಿದರೆ ಎರಡರಲ್ಲೂ ಅಳಿಯುತ್ತೆ’ ಎಂದ. ಪ್ರತಿಯೇ ಬೇರೆ, ಜೋಡಿಯೇ ಬೇರೆ. ಪ್ರತಿಗಳು ಮೂರಿರಬೇಕು, ಎರಡು ಬಗೆಯ ಸಾಧನಗಳ ಮೇಲಿರಬೇಕು, ಒಂದಾದರೂ ಬೇರೆ ಊರಿನಲ್ಲಿರಬೇಕು. ದೊಡ್ಡವರಿಗೂ ಇದು ತಪ್ಪಿದ್ದಲ್ಲ. 2011ರ ಫೆಬ್ರವರಿ ತಿಂಗಳ ಕೊನೆಯಲ್ಲಿ ಗೂಗಲಿನ ಜಿ-ಮೇಲಿನಲ್ಲಿ ಒಂದು ತಂತ್ರಾಂಶದ ದೋಷದಿಂದ ಕೆಲವು ಸಾವಿರಾರು ಜನರ ಪೆಟ್ಟಿಗೆಗಳು ಬರಿದಾದವು. ಹಲವು ಕಡೆ ಇಟ್ಟಿದ್ದ ಡಿಸ್ಕಿನ ಪ್ರತಿಗಳಲ್ಲಿಯೂ ಅದೇ ದೋಷ ಹರಿದಿತ್ತು. ಕೊನೆಗೆ ಕೈಹಿಡಿದದ್ದು ಜಾಲದಿಂದ ದೂರವಾಗಿ ಸುತ್ತಿಟ್ಟಿದ್ದ ಹಳೆಯ ಕಾಲದ ಟೇಪು. ಅಜ್ಜಿಯ ಕಾಲದ ಪೆಟ್ಟಿಗೆಯಲ್ಲಿದ್ದ ಒಡವೆ ಕಷ್ಟಕಾಲಕ್ಕೆ ಆದಂತೆ ಆಯಿತು. ಪ್ರತಿ ತೆಗೆದಿಟ್ಟರಷ್ಟೇ ಸಾಲದು. ತಿಂಗಳಿಗೊಮ್ಮೆ ಅದರಿಂದ ಒಂದು ಪೆಟ್ಟಿಗೆಯನ್ನು ಮತ್ತೆ ತೆರೆದು ಓದಿ ನೋಡಬೇಕು. ಓದಿ ನೋಡದ ಪ್ರತಿ, ಕಂಠಪಾಠ ಒಪ್ಪಿಸದ ಹುಡುಗನ ‘ಬರುತ್ತೆ ಸಾರ್’ ಎಂಬ ಮಾತಿನಂತೆ.

ಮುಂದೆ ಜನ ಹೆಚ್ಚಿದರೆ? ಆಗಲೂ ದೊಡ್ಡ ಯಂತ್ರವೊಂದೇ ದಾರಿಯಲ್ಲ. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಶಾಲೆಯಲ್ಲಿ ಓದಿದ ಸಬೀರ್ ಭಾಟಿಯಾ ಅವರು ಜ್ಯಾಕ್ ಸ್ಮಿತ್ ಎಂಬವರೊಡನೆ 1996ರ ಜುಲೈ 4ರಂದು ಹಾಟ್‌ಮೇಲ್ ಆರಂಭಿಸಿದರು. ಒಂದೂವರೆ ವರ್ಷದಲ್ಲಿ, 1997ರ ಕೊನೆಗೆ ಮೈಕ್ರೋಸಾಫ್ಟ್ ಅದನ್ನು ಕೊಳ್ಳುವ ಹೊತ್ತಿಗೆ ಅದರ ಬಳಕೆದಾರರು ಎಂಬತ್ತು ಲಕ್ಷವನ್ನು ಮೀರಿದ್ದರು. ಅಷ್ಟು ಜನರನ್ನು ಹೊತ್ತದ್ದು ಒಂದೇ ಮಹಾಯಂತ್ರವಲ್ಲ, ಕೆಲಸವನ್ನು ಹಂಚಿಕೊಂಡ ಬಹುಸಂಖ್ಯೆಯ ಯಂತ್ರಗಳು. ಗಾಡಿ ಭಾರವಾದರೆ ಇನ್ನೊಂದು ಜೊತೆ ಎತ್ತು ಕಟ್ಟಬೇಕೇ ಹೊರತು ಆನೆಯಷ್ಟು ದೊಡ್ಡ ಎತ್ತನ್ನು ಹುಡುಕುತ್ತ ಹೋಗಬಾರದು.

ಇದನ್ನೆಲ್ಲ ಸಮಿತಿಯ ಮುಂದೆ ಇಟ್ಟೆ. ಗಣಿತದ ಮೇಷ್ಟ್ರು ಲೆಕ್ಕವನ್ನು ಮತ್ತೆ ಮಾಡಿ ನೋಡಿ ಒಪ್ಪಿದರು. ಗುಮಾಸ್ತರು ಮಾತ್ರ ಒಂದು ನ್ಯಾಯವಾದ ಪ್ರಶ್ನೆ ಎತ್ತಿದರು: ‘ಸ್ವಾಮಿ, ದೊಡ್ಡ ಕಂಪನಿಗಳು ಶಾಲೆಗಳಿಗೆ ಪುಕ್ಕಟೆಯಾಗಿಯೇ ಮೇಲ್ ಕೊಡ್ತಾವಂತೆ. ನಮಗೇಕೆ ಈ ಉಪದ್ವ್ಯಾಪ?’ ಇದಕ್ಕೆ ಪ್ರಾಮಾಣಿಕವಾಗಿ ಉತ್ತರ ಹೇಳಬೇಕು. ಯಂತ್ರವನ್ನು ದಿನವೂ ನೋಡಿಕೊಳ್ಳುವ ಒಬ್ಬ ಮನುಷ್ಯನಿಲ್ಲದಿದ್ದರೆ ಯಂತ್ರ ಕೊಳ್ಳಲೇಬಾರದು. ಹೊರಗಿನವರ ಸೇವೆಯನ್ನೇ ಪಡೆಯುವುದು ಲೇಸು. ಬಹುಪಾಲು ಶಾಲೆಗಳಿಗೆ ಅದೇ ಸರಿ. ಆಗಲೂ ಮುಖ್ಯ ಪತ್ರಗಳ ಒಂದು ಪ್ರತಿ ನಮ್ಮ ಕೈಯಲ್ಲಿರಬೇಕು. ನಮ್ಮಲ್ಲಿ ಮಕ್ಕಳ ಅಂಕಪಟ್ಟಿ, ಶುಲ್ಕ, ವಿದ್ಯಾರ್ಥಿವೇತನಗಳ ಪತ್ರವ್ಯವಹಾರ ನಮ್ಮ ಕಣ್ಣಳತೆಯಲ್ಲಿರಲಿ ಎಂದು ಮಂಡಲಿಯವರು ಬಯಸಿದರು. ನೋಡಿಕೊಳ್ಳುವುದಕ್ಕೆ ಒಬ್ಬ ಯುವಕನನ್ನು ನೇಮಿಸಲೂ ಒಪ್ಪಿದರು. ಒಪ್ಪದಿದ್ದರೆ ನಾನೇ ಬೇಡವೆನ್ನುತ್ತಿದ್ದೆ.

ಕೊನೆಗೆ ಆ ಒಂದು ಮಹಾಯಂತ್ರದ ಬೆಲೆಯಲ್ಲಿಯೇ ಎರಡು ಮಧ್ಯಮ ಯಂತ್ರಗಳು ಬಂದವು. ಒಂದೊಂದಕ್ಕೂ ಎಂಟು ಕೋರು, 64 ಜಿ.ಬಿ. ರ‍್ಯಾಮು, ನಾಲ್ಕು ಡಿಸ್ಕು. ಒಂದು ಚನ್ನಪಟ್ಟಣದಲ್ಲಿದೆ, ಇನ್ನೊಂದು ಕನಕಪುರದ ಶಾಲೆಯಲ್ಲಿದ್ದು ರಾತ್ರಿ ಹಗಲು ಇದರ ಪ್ರತಿ ತೆಗೆದುಕೊಳ್ಳುತ್ತದೆ. ಮೂರನೆಯ ಪ್ರತಿ ವಾರಕ್ಕೊಮ್ಮೆ ಒಂದು ಡಿಸ್ಕಿಗೆ ಇಳಿದು, ತಂತಿ ಬಿಚ್ಚಿಸಿಕೊಂಡು, ಮಾಗಡಿಯ ಶಾಲೆಯ ಕಬ್ಬಿಣದ ಬೀರು ಸೇರುತ್ತದೆ. ತಿಂಗಳ ಕೊನೆಯ ಶನಿವಾರ ಒಬ್ಬರ ಪೆಟ್ಟಿಗೆಯನ್ನು ಪ್ರತಿಯಿಂದ ತೆರೆದು ನೋಡುತ್ತೇವೆ. ಒಂದು ಡಿಸ್ಕು ಹೋದ ವರ್ಷ ಸತ್ತಿತು. ಬೆಳಗ್ಗೆ ಎಚ್ಚರಿಕೆ ಬಂತು, ಮಧ್ಯಾಹ್ನದೊಳಗೆ ಬೀರುವಿನದು ಹೋಗಿ ಕುಳಿತಿತು. ಯಾರಿಗೂ ತಿಳಿಯಲೇ ಇಲ್ಲ.

ಇದನ್ನು ಕೇಳುತ್ತಿರುವ ತಂದೆತಾಯಿಗಳಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಮಕ್ಕಳ ಶಾಲೆಯಲ್ಲಿಯೋ, ನಿಮ್ಮ ಸಹಕಾರ ಸಂಘದಲ್ಲಿಯೋ ಇಂಥ ಯಂತ್ರವೊಂದನ್ನು ಕೊಳ್ಳುವ ಮಾತು ಬಂದರೆ, ತಂತ್ರಜ್ಞಾನ ನಮಗೇನು ತಿಳಿದೀತು ಎಂದು ಹಿಂಜರಿಯಬೇಡಿ. ಮೂರೇ ಪ್ರಶ್ನೆ ಕೇಳಿ. ಇದರಲ್ಲಿ ಒಂದು ಡಿಸ್ಕು ಇಂದು ರಾತ್ರಿ ಸತ್ತರೆ ನಾಳೆ ಏನಾಗುತ್ತದೆ? ಈ ಕಟ್ಟಡವೇ ಮುಳುಗಿದರೆ ಪ್ರತಿ ಯಾವ ಊರಿನಲ್ಲಿದೆ? ಟಕ್ ಟಕ್ ಎಂದರೆ ಕೇಳಿಸಿಕೊಳ್ಳುವವರು ಯಾರು? ಮೂರಕ್ಕೂ ಉತ್ತರವಿದ್ದರೆ ಕೊಳ್ಳಿ. ಎಷ್ಟು ಕೋರು ಎಂಬ ಪ್ರಶ್ನೆಯನ್ನು ಆಮೇಲೆ ನಿಧಾನವಾಗಿ ಕೇಳಬಹುದು.

ಆ ಹುಡುಗಿ ಮರುವರ್ಷ ಮತ್ತೆ ಅರ್ಜಿ ಹಾಕಿದಳು. ಕಳೆದ ವರ್ಷದ ಶುಲ್ಕಕ್ಕೆಂದು ಅವಳ ತಾಯಿ ಒತ್ತೆಯಿಟ್ಟ ಓಲೆ ಬಿಡಿಸಿಕೊಂಡರೋ ಇಲ್ಲವೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಮಂಜೂರಾತಿಯ ಪತ್ರ ಒಂದು ಮಧ್ಯಾಹ್ನ ಬಂತು. ಹಾಳೆಯ ಮೇಲೆ ಅಚ್ಚು ಮಾಡಿಸಿ ಅವಳ ಕೈಗೆ ಕೊಟ್ಟೆ. ಸಂಜೆ ನಾನೇ ಕುಳಿತು ಆ ಸಂಸ್ಥೆಯವರಿಗೆ ಉತ್ತರ ಬರೆದೆ. ಯಂತ್ರ ತನ್ನ ಪಾಡಿಗೆ 250 ಎಂದು ಎಂದೋ ಹೇಳಿ ಮುಗಿಸಿತ್ತು. ಆದರೂ ಹಳೆಯ ಅಭ್ಯಾಸದಂತೆ ಮೊದಲ ವಾಕ್ಯ ಹೀಗೆ ಬರೆದೆ: ‘ತಮ್ಮ ಪತ್ರ ಕೈಸೇರಿ ವಿಷಯವೆಲ್ಲ ತಿಳಿಯಿತು.’